ಅಲ್ಯೂಮಿನಿಯಮ್ ತಗಡಿನ ಬಲ ಮತ್ತು ಉಷ್ಣೋಪಚಾರ

ಅಲ್ಯೂಮಿನಿಯಮ್ಮಿನ ಸಾಂದ್ರತೆ ಉಕ್ಕಿನ ಸಾಂದ್ರತೆಯ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಆದರೆ ಶುದ್ಧ ಅಲ್ಯೂಮಿನಿಯಮ್ ತೀರ ಮೃದು. ವಿಮಾನದ ಹೊದಿಕೆಗೆ ಹಗುರವೂ ಬಲಿಷ್ಠವೂ ಆದ ತಗಡು ಬೇಕಾದುದರಿಂದ ಅದಕ್ಕೆ ಮಿಶ್ರಲೋಹಗಳನ್ನು ಬಳಸಲಾಗುತ್ತದೆ. ಆದರೂ ಬೇರೆ ಲೋಹಗಳನ್ನು ಬೆರೆಸಿದ ಮಾತ್ರಕ್ಕೆ ಬಲ ಬಾರದು. ತಣ್ಣಗಿರುವ ತಗಡನ್ನು ಉರುಳೆಗಳ ನಡುವೆ ಒತ್ತುವ ಮೊದಲು ಅದನ್ನು ಹೇಗೆ ಕಾಯಿಸಿ ತಣಿಸಲಾಗಿದೆ ಎಂಬುದೂ ಅಷ್ಟೇ ಮುಖ್ಯ.

2024 ಎಂಬ ಸಂಖ್ಯೆಯ ಮಿಶ್ರಲೋಹವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರಲ್ಲಿ ಸುಮಾರು ಶೇ. 4.4ರಷ್ಟು ತಾಮ್ರ ಹಾಗೂ ಶೇ. 1.5ರಷ್ಟು ಮೆಗ್ನೀಸಿಯಮ್ ಇರುತ್ತವೆ. ಇದನ್ನು ಕಾಯಿಸಿ ನಿಧಾನವಾಗಿ ತಣಿಸಿದರೆ ತಾಮ್ರವು ದಪ್ಪ ಕಣಗಳಾಗಿ ಬೇರ್ಪಡುತ್ತದೆ. ಆಗ ತಗಡು ಮೃದುವಾಗಿದ್ದು ಸುಲಭವಾಗಿ ಬಾಗುತ್ತದೆ. ಅದು ಶಾಶ್ವತವಾಗಿ ಬಾಗತೊಡಗುವ ಒತ್ತಡ ಸುಮಾರು 75 ಮೆಗಾಪಾಸ್ಕಲ್ ಮಾತ್ರ. ಇಂತಹ ತಗಡನ್ನು ಉರುಳೆಗಳಿಗೆ ಕೊಟ್ಟರೆ ಗಡಸುತನ ಹೆಚ್ಚುವುದಾದರೂ ತಾಮ್ರದ ಪೂರ್ಣ ಪ್ರಯೋಜನ ದೊರೆಯದು.

ಅದೇ ತಗಡನ್ನು ಸುಮಾರು 495 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ತಾಮ್ರ ಮತ್ತು ಮೆಗ್ನೀಸಿಯಮ್ ಅಲ್ಯೂಮಿನಿಯಮ್ಮಿನಲ್ಲಿ ಕರಗಿಹೋಗುತ್ತವೆ. ಕೂಡಲೇ ನೀರಿನಲ್ಲಿ ಅದ್ದಿದರೆ ಬೇರ್ಪಡಲು ಅವಕಾಶವಿಲ್ಲದೆ ಅಲ್ಲೇ ಸೆರೆಯಾಗುತ್ತವೆ. ಅನಂತರ ಉರುಳೆಗಳ ಒತ್ತಡವು ಸ್ಫಟಿಕಗಳಲ್ಲಿ ಅಸಂಖ್ಯ ಸೂಕ್ಷ್ಮ ದೋಷಗಳನ್ನುಂಟುಮಾಡುತ್ತದೆ. ತಗಡನ್ನು ಹಾಗೆಯೇ ಇರಿಸಿದರೆ ಅದು ಕೆಲವು ದಿನಗಳಲ್ಲಿ ತಾನಾಗಿಯೇ ಬಲಿಯುತ್ತದೆ. ಆಗ ಮೇಲೆ ಹೇಳಿದ ಒತ್ತಡ ಸುಮಾರು 345 ಮೆಗಾಪಾಸ್ಕಲ್ ಆಗುತ್ತದೆ. 190 ಡಿಗ್ರಿಯಲ್ಲಿ ಸುಮಾರು 12 ಗಂಟೆ ಇರಿಸಿದರೆ ಆ ದೋಷಗಳ ಬಳಿಯಲ್ಲೇ ಅತಿ ಸೂಕ್ಷ್ಮ ಕಣಗಳು ಮೂಡಿ ಒತ್ತಡ 450ಕ್ಕೆ ಏರುತ್ತದೆ. ಆದರೆ ಮುರಿಯುವ ಮೊದಲು ಹಿಗ್ಗುವ ಶಕ್ತಿ ಸುಮಾರು ಶೇ. 18ರಿಂದ ಶೇ. 6ಕ್ಕೆ ಇಳಿಯುತ್ತದೆ. ಬಲ ಬೇಕೋ ಬಾಗುವ ಗುಣ ಬೇಕೋ ಎಂಬುದನ್ನು ಉಪಯೋಗಕ್ಕೆ ತಕ್ಕಂತೆ ನಿರ್ಧರಿಸಬೇಕಾಗುತ್ತದೆ.

ಕಾಲ ಕಳೆದಂತೆ ಗಡುಸಾಗುವ ಈ ಗುಣವನ್ನು 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಕಂಡುಹಿಡಿದರು. ಅವರ ಮಿಶ್ರಲೋಹವು ಮುಂದೆ ಡ್ಯುರಾಲುಮಿನ್ ಎಂದು ಹೆಸರಾಯಿತು.

ಈ ಕ್ರಮದಲ್ಲಿ ಎಚ್ಚರ ಅಗತ್ಯ. ಉಷ್ಣತೆ 495 ಡಿಗ್ರಿಗಿಂತ ಕೆಲವೇ ಡಿಗ್ರಿ ಹೆಚ್ಚಾದರೂ ಸ್ಫಟಿಕಗಳ ಅಂಚುಗಳು ಕರಗತೊಡಗಿ ತಗಡು ಕೆಡುತ್ತದೆ. ಕುಲುಮೆಯಿಂದ ನೀರಿಗೆ ಒಯ್ಯಲು ತಡವಾದರೆ ಬಲ ಕುಗ್ಗುವುದಲ್ಲದೆ, ಸ್ಫಟಿಕಗಳ ಅಂಚಿನಲ್ಲಿ ಸವೆತ ಹಿಡಿಯುವ ಸಂಭವ ಹೆಚ್ಚುತ್ತದೆ. ನೀರಿನಲ್ಲಿ ಅದ್ದಿದ ಬಳಿಕ ತಡಮಾಡಿದರೆ ತಗಡು ಗಡುಸಾಗಿ ಆಕಾರ ಕೊಡುವುದು ಕಷ್ಟ. ಆದುದರಿಂದಲೇ ಇದೇ ಲೋಹದ ರಿವೆಟ್ಟುಗಳನ್ನು ಬಳಸುವವರೆಗೂ ಶೀತಪೆಟ್ಟಿಗೆಯಲ್ಲಿ ಇರಿಸುವ ಪದ್ಧತಿ ಬಂದಿತು.

ಹದ ತಪ್ಪಿದ ತಗಡೂ ಸರಿಯಾದ ತಗಡೂ ಕಣ್ಣಿಗೆ ಒಂದೇ ರೀತಿ ಕಾಣಬಹುದು. ಕುಲುಮೆಯ ಉಷ್ಣತೆಯ ದಾಖಲೆ ಮತ್ತು ಮಾದರಿಗಳ ಪರೀಕ್ಷೆ ಮಾತ್ರ ಅವುಗಳ ವ್ಯತ್ಯಾಸವನ್ನು ತೋರಿಸಬಲ್ಲವು. ಪ್ರಯಾಣಿಕರ ಸುರಕ್ಷತೆ ಈ ಎಚ್ಚರವನ್ನೂ ಅವಲಂಬಿಸಿದೆ.