ಸಾಲವೇ ಸಂಕೋಲೆಯಾದಾಗ



ಗುಲಾಮಗಿರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಮೆರಿಕದ ಹತ್ತಿಯ ಹೊಲಗಳು, ಆಫ್ರಿಕದಿಂದ ಸರಪಳಿ ಬಿಗಿದು ಹಡಗಿನಲ್ಲಿ ತುಂಬಿ ತಂದ ಜನರು. ಅದು ಎಲ್ಲೋ ನಡೆದ, ಎಂದೋ ಮುಗಿದ ಕಥೆ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಹತ್ತಿಯ ಹೊಲಗಳು ನಮ್ಮ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲೂ ಇವೆ. ಇಲ್ಲಿ ಮನುಷ್ಯನನ್ನು ಕಟ್ಟಿಹಾಕಿದ್ದು ಸಾಲ. ಅದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಜೀತ. ಈ ಎರಡನ್ನೂ ಈ ವಾರ ಜೊತೆಯಲ್ಲಿಟ್ಟು ನೋಡೋಣ.

ಕಾನೂನು ಬಂದ ಮೇಲೆ

ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರ ಜನವರಿ 1ರಂದು, ದಂಗೆ ಎದ್ದ ದಕ್ಷಿಣದ ಪ್ರಾಂತ್ಯಗಳ ಗುಲಾಮರು ಸ್ವತಂತ್ರರು ಎಂದು ಘೋಷಿಸಿದರು. ಟೆಕ್ಸಾಸ್ ಪ್ರಾಂತ್ಯದ ಗಾಲ್ವೆಸ್ಟನ್ ಪಟ್ಟಣದಲ್ಲಿ ಆ ಆಜ್ಞೆ ಜಾರಿಗೆ ಬಂದದ್ದು 1865ರ ಜೂನ್ 19ರಂದು, ಅಂದರೆ ಸುಮಾರು ಎರಡೂವರೆ ವರ್ಷದ ನಂತರ. ಅದೇ ವರ್ಷ ಡಿಸೆಂಬರಿನಲ್ಲಿ ಸಂವಿಧಾನದ ತಿದ್ದುಪಡಿಯಿಂದ ಇಡೀ ದೇಶದಲ್ಲಿ ಗುಲಾಮಗಿರಿ ರದ್ದಾಯಿತು.

ಆದರೆ ಬಿಡುಗಡೆಯಾದ ಬಹುಪಾಲು ಜನರಿಗೆ ಭೂಮಿ ಸಿಗಲಿಲ್ಲ. ಹಳೆಯ ಒಡೆಯನ ಹೊಲವನ್ನೇ ಅವರು ಪಾಲಿಗೆ ಮಾಡಿದರು. ಬೀಜ, ನೇಗಿಲು, ಊಟದ ಕಾಳು ಎಲ್ಲವನ್ನೂ ಕಡ ತಂದರು. ಸುಗ್ಗಿಯಾದ ಮೇಲೆ ಲೆಕ್ಕದ ಪುಸ್ತಕ ತೆರೆಯುವವನು ಒಡೆಯನೇ. ಪ್ರತಿ ವರ್ಷವೂ ಸ್ವಲ್ಪ ಬಾಕಿ ಉಳಿಯುತ್ತಿತ್ತು. ಸರಪಳಿ ಕಳಚಿತು, ಬಾಕಿ ಹಿಡಿದುಕೊಂಡಿತು.

ನಮ್ಮ ಸೀಮೆಯ ಜೀತ

ಈ ಬಾಕಿಯ ಕಥೆ ನಮಗೆ ಹೊಸದೇನಲ್ಲ. ರಾಯಚೂರು 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಸಂಸ್ಥಾನದಲ್ಲಿ ಸಾಲಕ್ಕಾಗಿ ದುಡಿಯುವ ಆಳಿಗೆ ‘ಭಗೇಲಾ’ ಎನ್ನುತ್ತಿದ್ದರು. ಅಂಥ ಕರಾರುಗಳಿಗೆ ಮಿತಿ ಹಾಕಲು ನಿಜಾಮ ಸರ್ಕಾರವೇ 1936ರಲ್ಲಿ ಒಂದು ನಿಯಮ ತಂದಿತ್ತು. ಅದರಿಂದ ಪದ್ಧತಿ ನಿಲ್ಲಲಿಲ್ಲ.

ಜೀತ ಹೇಗೆ ಹುಟ್ಟುತ್ತದೆ? ಒಬ್ಬ ತಂದೆ ಮಗಳ ಮದುವೆಗೆ ಸಾಹುಕಾರನಿಂದ ಹಣ ತರುತ್ತಾನೆ ಎನ್ನಿ. ತೀರಿಸಲು ಅವನ ಬಳಿ ಇರುವುದು ರಟ್ಟೆ ಮಾತ್ರ. ವರ್ಷವಿಡೀ ದುಡಿಯುತ್ತಾನೆ, ಕೂಲಿ ಬಡ್ಡಿಗೆ ಹೋಗುತ್ತದೆ. ಕಾಯಿಲೆ ಬಿದ್ದ ದಿನಗಳೂ ಸಾಲಕ್ಕೆ ಸೇರುತ್ತವೆ. ಕಡೆಗೆ ಹತ್ತು ವರ್ಷದ ಮಗನನ್ನು ದನ ಕಾಯಲು ಕಳಿಸುತ್ತಾನೆ. ಅಪ್ಪನ ಸಾಲ ಮಗನ ಹೆಗಲೇರುತ್ತದೆ.

ಜೀತಕ್ಕೆ ಬಿದ್ದವರಲ್ಲಿ ಹೆಚ್ಚಿನವರು ದಲಿತರು ಮತ್ತು ಆದಿವಾಸಿಗಳು. ಇದು ಬರೀ ಹಣದ ವ್ಯವಹಾರವಲ್ಲ, ಜಾತಿಯ ವ್ಯವಹಾರವೂ ಹೌದು. ಮಹಾರಾಷ್ಟ್ರದ ಜ್ಯೋತಿಬಾ ಫುಲೆ ಇದನ್ನು ಬಹಳ ಹಿಂದೆಯೇ ಕಂಡಿದ್ದರು. 1873ರಲ್ಲಿ ಜಾತಿಪದ್ಧತಿಯ ವಿರುದ್ಧ ಬರೆದ ಪುಸ್ತಕಕ್ಕೆ ‘ಗುಲಾಮಗಿರಿ’ ಎಂದೇ ಹೆಸರಿಟ್ಟು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು.

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಿಂದ ದೇಶದಾದ್ಯಂತ ಜೀತಪದ್ಧತಿ ರದ್ದಾಯಿತು. 1976ರಲ್ಲಿ ಅದು ಕಾಯ್ದೆಯಾಯಿತು. ಜೀತದ ಸಾಲ ಅಂದಿಗೇ ಮುಗಿಯಿತು, ಅದನ್ನು ವಸೂಲು ಮಾಡುವುದೇ ಅಪರಾಧ. ಜೀತಕ್ಕಿಟ್ಟುಕೊಂಡವನಿಗೆ 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು, ಬಡವನದಲ್ಲ.

ಸಾಲ ಅಥವಾ ಮುಂಗಡದ ಕಾರಣದಿಂದ ಕೂಲಿ ಇಲ್ಲದೆ ಅಥವಾ ಹೆಸರಿಗಷ್ಟೇ ಕೂಲಿ ಪಡೆದು ದುಡಿಯುವುದು, ಬೇರೆ ಕೆಲಸಕ್ಕೆ ಹೋಗಲಾಗದಿರುವುದು, ಊರು ಬಿಟ್ಟು ಓಡಾಡಲಾಗದಿರುವುದು, ತಾನು ಬೆಳೆದದ್ದನ್ನು ಪೇಟೆಯ ಬೆಲೆಗೆ ಮಾರಲಾಗದಿರುವುದು – ಇವು ಜೀತದ ಗುರುತುಗಳು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪು ನೀಡಿದೆ.

ಆದ್ದರಿಂದ ಗುಳೆ ಹೋಗುವ ಕುಟುಂಬಕ್ಕೆ ಮೇಸ್ತ್ರಿ ಕೊಡುವ ಮುಂಗಡವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಮುಂಗಡ ಪಡೆದದ್ದೇ ತಪ್ಪಲ್ಲ. “ನಾಳೆಯಿಂದ ನಾನು ಬರುವುದಿಲ್ಲ” ಎಂದು ಹೇಳುವ ಸ್ವಾತಂತ್ರ್ಯ ಆ ಕೂಲಿಯವನಿಗೆ ಉಳಿದಿದೆಯೇ? ಉಳಿದಿಲ್ಲವಾದರೆ ಅದು ಜೀತ.

ಬಿಡುಗಡೆ ತಂದವರು ಯಾರು?

ಒಡೆಯರ ದಯೆಯಿಂದ ಗುಲಾಮರು ಬಿಡುಗಡೆಯಾದರು ಎಂದು ತಿಳಿಯಬೇಡಿ. ಹ್ಯಾರಿಯೆಟ್ ಟಬ್‌ಮನ್ ಎಂಬ ಗುಲಾಮ ಹೆಣ್ಣುಮಗಳು 1849ರಲ್ಲಿ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡಳು. ಅಷ್ಟಕ್ಕೆ ಸುಮ್ಮನಾಗದೆ ಹದಿಮೂರು ಬಾರಿಯಷ್ಟು ಹಿಂದಿರುಗಿ, ಸುಮಾರು 70 ಜನರನ್ನು ರಾತ್ರೋರಾತ್ರಿ ಕರೆದೊಯ್ದಳು. ಅಂತರ್ಯುದ್ಧದಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಬಂದೂಕು ಹಿಡಿದರು.

ಕರ್ನಾಟಕದಲ್ಲೂ ಹಾಗೆಯೇ. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಊರೂರಿನ ದಲಿತರಿಗೆ ತಲೆಯೆತ್ತಿ ಮಾತನಾಡುವ ಧೈರ್ಯ ಕೊಟ್ಟಿತು. ಮುಂದೆ ‘ಜೀವಿಕ’ ಎಂಬ ಜೀತ ವಿಮುಕ್ತಿ ಸಂಘಟನೆ ಜೀತದಾಳುಗಳನ್ನೇ ಒಂದುಗೂಡಿಸಿ, ಬಿಡುಗಡೆಗೆ ಅರ್ಜಿ ಹಾಕುವುದನ್ನು ಕಲಿಸಿತು.

ಧರ್ಮಸಭೆಯ ಲೆಕ್ಕ

ನಮ್ಮ ಮನೆಯ ಲೆಕ್ಕವನ್ನೂ ನೋಡಬೇಕಲ್ಲವೇ? 1537ರಲ್ಲಿ ಜಗದ್ಗುರು ಮೂರನೆಯ ಪೌಲರು ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡಬಾರದೆಂದು ಸಾರಿದರು. 1839ರಲ್ಲಿ ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು. ಆದರೆ ಅದರ ಹಿಂದಿನ ವರ್ಷ, 1838ರಲ್ಲಿ, ಮೇರಿಲ್ಯಾಂಡಿನ ಜೆಸ್ವಿಟ್ ಗುರುಗಳು 272 ಗುಲಾಮರನ್ನು ಮಾರಿದ್ದರು. ಬಂದ ಹಣದಲ್ಲಿ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಹೋಯಿತು. 2017ರಲ್ಲಿ ಜೆಸ್ವಿಟ್ ಸಭೆಯೂ ಆ ವಿದ್ಯಾಸಂಸ್ಥೆಯೂ ಗುಲಾಮರ ವಂಶಸ್ಥರ ಮುಂದೆ ಕ್ಷಮೆ ಕೇಳಿದವು. ಒಳ್ಳೆಯ ಬೋಧನೆ ಇದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸಂತ ಪೌಲರು ಫಿಲೆಮೋನನಿಗೆ ಬರೆದ ಪುಟ್ಟ ಪತ್ರವನ್ನು ಈ ವಾರ ಓದಿರಿ. ಗುಲಾಮ ಒನೇಸಿಮನನ್ನು ಸಹೋದರನೆಂದು ಬರಮಾಡಿಕೊಳ್ಳುವಂತೆ ಪೌಲರು ಕೇಳುತ್ತಾರೆ. ಅವನದೇನಾದರೂ ಬಾಕಿ ಇದ್ದರೆ ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಲು ಹೇಳುತ್ತಾರೆ. ಓಡಿಹೋದವರನ್ನು ಹಿಂದಕ್ಕೆ ತರಿಸಲು ಅಮೆರಿಕದ ಒಡೆಯರು ಆಧಾರವಾಗಿ ತೋರಿಸಿದ್ದೂ ಇದೇ ಪತ್ರವನ್ನು. ಬಾಕಿಯ ಆ ಮಾತು ಅವರ ಕಣ್ಣಿಗೆ ಬೀಳಲಿಲ್ಲ.

ಮನೆಮಂದಿಯೊಂದಿಗೆ ಚರ್ಚಿಸಲು

1. ನಮ್ಮ ಮನೆಯಲ್ಲಿ ಅಥವಾ ಹೊಲದಲ್ಲಿ ದುಡಿಯುವವರಿಗೆ ಸಾಲ ಕೊಟ್ಟಿದ್ದೇವೆಯೇ? ಅದನ್ನು ನೆನಪಿಸಿ ಅವರ ಬಾಯಿ ಮುಚ್ಚಿಸುತ್ತೇವೆಯೇ?

2. ಶಾಲೆಗೆ ಹೋಗಬೇಕಾದ ಮಗು ನಮ್ಮ ಓಣಿಯಲ್ಲಿ ಯಾರ ಮನೆಯ ಪಾತ್ರೆ ತಿಕ್ಕುತ್ತಿದೆ?

3. ಜೀತದಲ್ಲಿರುವವರು ನಮಗೆ ಗೊತ್ತಿದ್ದರೆ, ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ಅರ್ಜಿ ಬರೆದುಕೊಡಲು ನಮ್ಮಲ್ಲಿ ಯಾರು ಜೊತೆಗೆ ಹೋಗುತ್ತಾರೆ? ಬಿಡುಗಡೆ ಪತ್ರ ಕೈಗೆ ಬಂದರೆ ಸರ್ಕಾರದ ಪುನರ್ವಸತಿಯ ನೆರವಿಗೆ ಬಾಗಿಲು ತೆರೆಯುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರವಾಗಿ ಒಂದು ಹೆಸರು ಬರೆದಿಡಿ. ಅದು ನಿಮ್ಮದೇ ಹೆಸರಾಗಲಿ.