ಕೊಬ್ಬರಿಯ ಬೆಲೆಯೂ ಸ್ಥಿತಪ್ರಜ್ಞನೂ

ನಮ್ಮ ತುರುವೇಕೆರೆಯ ಸೀಮೆಯಲ್ಲಿ ರಾಜಕೀಯವೆಂಬುದು ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ಬರುವ ವಾರ್ತೆಯಷ್ಟೇ ಆಗಿರದೆ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯೊಳಗಿನ ಗಿಟುಕಿನ ಬೆಲೆಯಾಗಿ ಮನೆಯನ್ನು ಹೊಗುತ್ತದೆ. ಕಾಯನ್ನು ಕಿವಿಯ ಬಳಿ ಅಲುಗಿಸಿ, ನೀರಿಂಗಿ ಗಿಟುಕು ಚಿಪ್ಪನ್ನು ಬಿಟ್ಟಿತೆಂಬುದನ್ನು ಸದ್ದಿನಿಂದಲೇ ಅರಿತು, ಸುಲಿಸಿ, ಒಡೆಸಿ, ಮೂಟೆ ಕಟ್ಟಿ ತಿಪಟೂರಿನ ಮಾರುಕಟ್ಟೆಗೆ ಒಯ್ದ ಮೇಲೆ, 2023ರಲ್ಲಿ ಕೇಂದ್ರವು ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಸಾರಿದ್ದ ಉಂಡೆ ಕೊಬ್ಬರಿಯು ಅದಕ್ಕೂ ಬಹಳ ಕೆಳಗೆ ಬಿಕರಿಯಾದರೆ, ಬೆಳೆಗಾರನಿಗೆ ಸಿಟ್ಟು ಬಾರದಿದ್ದೀತೆ? ಬರಬೇಕಾದದ್ದೇ. ಆದರೆ ಆ ಸಿಟ್ಟು ಬೆಲೆಯನ್ನು ಬಿಟ್ಟು ಮನುಷ್ಯರ ಮೇಲೆ ತಿರುಗಿತು. ಒಬ್ಬರು ಕೇಂದ್ರವನ್ನೂ ಮತ್ತೊಬ್ಬರು ರಾಜ್ಯವನ್ನೂ ದೂರುತ್ತ ದೂರುತ್ತ, ಪಕ್ಕದ ತೋಟದವನಿಗೂ ನನಗೂ ಮಾತೇ ನಿಂತುಹೋಯಿತು.

ಆ ದಿನಗಳಲ್ಲಿ ನನ್ನ ಕೈಗೆ ಬಂದದ್ದು ಗೀತೆಯ ಎರಡನೆಯ ಅಧ್ಯಾಯ. ವಿಷಯವನ್ನು ಧ್ಯಾನಿಸುವವನಿಗೆ ಅದರಲ್ಲಿ ಸಂಗವೂ, ಸಂಗದಿಂದ ಕಾಮವೂ, ಕಾಮದಿಂದ ಕ್ರೋಧವೂ, ಕ್ರೋಧದಿಂದ ಸಂಮೋಹವೂ, ಅದರಿಂದ ಸ್ಮೃತಿಭ್ರಂಶವೂ ಉಂಟಾಗುವುದೆಂದು ಅಲ್ಲಿ ಹೇಳಿರುವ ಕ್ರಮದಲ್ಲಿ, ಕ್ರೋಧವು ಆದಿಯಲ್ಲಿಲ್ಲ, ನಡುವಿನಲ್ಲಿದೆ. ನನ್ನ ಕೋಪದ ಬೇರು ಬೆಲೆಯಲ್ಲಿ ಮಾತ್ರವೇ ಇರದೆ, ‘ನನ್ನ ಪಕ್ಷವೇ ಸರಿ’ ಎಂಬ ಹಟದಲ್ಲಿಯೂ ಇದ್ದಿತು. ಇನ್ನು ಸ್ಮೃತಿಯ ಮಾತು: ಬರಗಾಲದಲ್ಲಿ ನನ್ನ ಕೊಳವೆಬಾವಿ ಬತ್ತಿದಾಗ, ನಮ್ಮ ಸಸಿಗಳಿಗೆ ತನ್ನ ನೀರನ್ನು ತಿರುಗಿಸಿದವನು ಅದೇ ಪಕ್ಕದ ತೋಟದವನಲ್ಲವೆ!

ರಾಜಕೀಯದ ಬೇಗೆಗೆ ಬೆದರಿ ಶಾಸ್ತ್ರದೊಳಗೆ ಅಡಗಿಕೊಳ್ಳುವುದು ಹೇಡಿತನವೆಂದು ನಮ್ಮ ಕೆಲವು ತರುಣರು ಆಕ್ಷೇಪಿಸುವುದುಂಟು. ಡಿ.ವಿ.ಗುಂಡಪ್ಪನವರ ಜೀವನವೇ ಇದಕ್ಕೆ ಸಮಾಧಾನ. ಪತ್ರಿಕೋದ್ಯೋಗದಲ್ಲಿ ಸರ್ಕಾರದ ತಪ್ಪುಗಳನ್ನು ಎತ್ತಿ ಹೇಳುತ್ತಲೇ ಬೆಳೆದು, ಸಾರ್ವಜನಿಕ ಜೀವನದ ಶಿಕ್ಷಣಕ್ಕೆಂದು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಅವರೇ, ಗೀತೆಯ ಮೇಲೆ ‘ಜೀವನಧರ್ಮಯೋಗ’ವನ್ನು ರಚಿಸಿದರು, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ರಾಜ್ಯಶಾಸ್ತ್ರವನ್ನೂ ಗೀತೆಯನ್ನೂ ಅವರು ಬೇರೆ ಬೇರೆ ಕಪಾಟುಗಳಲ್ಲಿಡಲಿಲ್ಲ. ಗಾಂಧಿಯವರ ಆಶ್ರಮದಲ್ಲಿಯೂ ಅದೇ ಎರಡನೆಯ ಅಧ್ಯಾಯದ ಕೊನೆಯಲ್ಲಿ ಬರುವ ಸ್ಥಿತಪ್ರಜ್ಞಲಕ್ಷಣದ, ಎಂದರೆ ಅಲುಗದ ಬುದ್ಧಿಯುಳ್ಳವನ ಲಕ್ಷಣದ, ಶ್ಲೋಕಗಳು ಸಂಜೆಯ ಪ್ರಾರ್ಥನೆಯಾಗಿದ್ದುವು. ಹಾಗೆಂದು ಅವರು ಸತ್ಯಾಗ್ರಹವನ್ನೇನೂ ಬಿಡಲಿಲ್ಲ.

ನನಗೂ ಓದಿನಿಂದ ದೊರೆತದ್ದು ಉದಾಸೀನತೆಯಲ್ಲ. ರಾಗದ್ವೇಷಗಳನ್ನು ಕಳೆದು ವಿಷಯಗಳ ನಡುವೆಯೇ ಸಂಚರಿಸುವವನಿಗೆ ಪ್ರಸಾದ, ಎಂದರೆ ಮನಸ್ಸಿನ ತಿಳಿ, ಲಭಿಸುವುದೆಂಬ ಮಾತಿನಲ್ಲಿ ‘ನಡುವೆಯೇ’ ಎಂಬುದನ್ನು ಮರೆಯಲಾಗದು. ಸಂತೆಯಲ್ಲಿ ಪಕ್ಕದ ತೋಟದವನು ಎದುರಾದಾಗ, “ಏನಣ್ಣ, ನಾಫೆಡ್‌ ಕೊಬ್ಬರಿ ಖರೀದಿ ಕೇಂದ್ರ ಯಾವಾಗ ತೆಗೀತಾರಂತೆ?” ಎಂದು ಆತನೇ ಮಾತೆತ್ತಿದನು; “ಬಾರಪ್ಪ, ವಿಚಾರಿಸೋಣ” ಎಂದೆನು. ಬೆಂಬಲ ಬೆಲೆಯ ಮನವಿಯನ್ನು ಇಬ್ಬರೂ ಕೂಡಿ ಬರೆದೆವು. ಬೈಗಳಿಲ್ಲದ್ದರಿಂದ ಅದು ಚಿಕ್ಕದಾಯಿತು, ಆದುದರಿಂದಲೇ ಅಧಿಕಾರಿಗಳು ಓದಲೂ ಓದಿದರು.

ಆತ ಇಂದಿಗೂ ಆ ಪಕ್ಷದವನೇ, ನಾನು ಈ ಪಕ್ಷದವನೇ. ಮುಂದಿನ ಚುನಾವಣೆ ಬರುವ ಮೊದಲು, ಓದುಗರು ಎರಡನೆಯ ಅಧ್ಯಾಯದ ಕಡೆಯ ಹತ್ತೊಂಬತ್ತು ಶ್ಲೋಕಗಳನ್ನೊಮ್ಮೆ ಓದಿಕೊಳ್ಳಲಿ; ಮತವನ್ನು ತಮಗೆ ತೋರಿದವರಿಗೇ ಹಾಕಲಿ.