ಮಗಳ ಚಿತ್ರಕ್ಕೆ ನಾವೇ ಅರ್ಥ ಹಚ್ಚುವುದು ಬೇಡ

ಮನಃಶಾಸ್ತ್ರ ಓದುವ ಮಗಳು ರಜೆಗೆ ಊರಿಗೆ ಬಂದಿದ್ದಾಳೆ. ಕಣ್ಣು ಮುಚ್ಚಿ ಹಾಳೆಯ ಮೇಲೆ ಗೀಚುತ್ತಾಳೆ, ಹಳೆಯ ಪತ್ರಿಕೆ ಕತ್ತರಿಸಿ ಅಂಟಿಸುತ್ತಾಳೆ, ಜೇಡಿಮಣ್ಣು ಕಲಸಿಕೊಂಡು ಕೂರುತ್ತಾಳೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದ ಮಕ್ಕಳನ್ನು ಮೈಸೂರಿಗೆ ಓದಲು ಕಳಿಸಿದ ಪೋಷಕರಿಗೆ ಆಗ ಎರಡು ಪ್ರಶ್ನೆ ಏಳುವುದು ಸಹಜ. ಇದೂ ಒಂದು ಓದೇ? ಹಾಳೆ ತುಂಬ ಕಪ್ಪು ಬಳಿದಿದ್ದಾಳಲ್ಲ, ಮನಸ್ಸಿನಲ್ಲಿ ಏನಾದರೂ ನೋವಿದೆಯೇ?

ಮೊದಲನೆಯದಕ್ಕೆ ಉತ್ತರ ಸುಲಭ: ಹೌದು, ಓದೇ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಕಟ್ಟಿದ್ದು 1924ರಲ್ಲಿ. ಈ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಮಗಳು ಈಗ ಅಭ್ಯಾಸ ಮಾಡುತ್ತಿರುವ ಕಲಾ ಚಿಕಿತ್ಸೆ ಅದರ ಪಕ್ಕದ ಒಂದು ಶಾಖೆ. ಕ್ಷಯರೋಗದಿಂದ ಚೇತರಿಸಿಕೊಳ್ಳುತ್ತಾ ಚಿತ್ರ ಬರೆಯುವುದರಲ್ಲಿ ನೆಮ್ಮದಿ ಕಂಡ ಬ್ರಿಟನ್ನಿನ ಕಲಾವಿದ ಏಡ್ರಿಯನ್ ಹಿಲ್ 1942ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಮಾತಿಗೆ ಬಾರದ್ದು ಕೆಲವೊಮ್ಮೆ ಬಣ್ಣಕ್ಕೆ ಬರುತ್ತದೆ ಎಂಬ ಅನುಭವವೇ ಇದರ ಬುನಾದಿ.

ತನ್ನ ಮೇಲೇ ಏಕೆ ಪ್ರಯೋಗ?

ನಾಳೆ ಇನ್ನೊಬ್ಬರ ಕೈಗೆ ಹಾಳೆ ಕೊಟ್ಟು 'ಬರೆಯಿರಿ' ಎನ್ನಬೇಕಾದವಳು, ಆ ಖಾಲಿ ಹಾಳೆಯ ಮುಂದೆ ಕೂತರೆ ಹೇಗಿರುತ್ತದೆ ಎಂದು ತಾನು ಮೊದಲು ತಿಳಿಯಬೇಕು. ಅದಕ್ಕೇ ಈ ಅಭ್ಯಾಸಗಳು. ಒಂದು ಗೀಚಿನಿಂದ ಚಿತ್ರ ಬಿಡಿಸುವ ಆಟವನ್ನು ಡೊನಾಲ್ಡ್ ವಿನಿಕಾಟ್ ಎಂಬ ಮಕ್ಕಳ ವೈದ್ಯರು ಪುಟ್ಟ ಮಕ್ಕಳೊಡನೆ ಮಾತು ಶುರುಮಾಡಲು ಬಳಸುತ್ತಿದ್ದರು. ದುಂಡನೆಯ ವೃತ್ತದೊಳಗೆ ಬಣ್ಣ ತುಂಬುವುದು, ಈ ಹೊತ್ತಿನ ಮನಸ್ಸಿಗೆ ಒಂದು ಬಣ್ಣ ಆರಿಸುವುದು, ತನಗೆ ಧೈರ್ಯ ಕೊಡುವ ಜಾಗವನ್ನು ಬರೆಯುವುದು ಇಂಥವೇ ಇನ್ನು ಕೆಲವು.

ಇಲ್ಲಿ ಚಿತ್ರ ಅಂದವಾಗಿರಬೇಕೆಂಬ ನಿಯಮವಿಲ್ಲ. ಬರೆಯುವ ಹೊತ್ತಿನಲ್ಲಿ ಏನಾಯಿತು ಎಂಬುದೇ ಮುಖ್ಯ. ಬೆಳಿಗ್ಗೆ ಅಂಗಳಕ್ಕೆ ಚುಕ್ಕಿ ಇಟ್ಟು ಎಳೆ ಎಳೆಯುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸ ಮಾತಲ್ಲ. ನಾಳೆ ಗುಡಿಸಿಹೋಗುವ ರಂಗೋಲಿಯಾದರೂ ಕೈ, ಕಣ್ಣು, ಉಸಿರು ಒಂದೆಡೆ ನಿಂತ ಆ ಗಳಿಗೆ ವ್ಯರ್ಥವಾಗುವುದಿಲ್ಲ.

ಕಪ್ಪು ಕಂಡರೆ ಗಾಬರಿಯೇ?

ಮನೆ, ಮರ, ಮನುಷ್ಯ ಬರೆಸಿ ಸ್ವಭಾವ ಅಳೆಯುವ ಒಂದು ಪರೀಕ್ಷೆ 1948ರಿಂದ ಬಳಕೆಯಲ್ಲಿದೆ. ಅದನ್ನು ನಡೆಸಲು ತರಬೇತಿ ಬೇಕು. ಅದು ಎಷ್ಟು ನಂಬಲರ್ಹ ಎಂಬ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಹಾಗಿರುವಾಗ ನಾವು ಕಪ್ಪು ಎಂದರೆ ದುಃಖ, ಕೆಂಪು ಎಂದರೆ ಕೋಪ ಎಂದು ಅಳೆಯುವುದು ತಪ್ಪು.

ನಮ್ಮ ಸೀಮೆಯನ್ನೇ ನೋಡಿ. ಕಿಟಕಿಯಿಲ್ಲದ ಎತ್ತರದ ಮನೆ, ಬುಡದಲ್ಲಿ ಬೆಂಕಿ, ಮೇಲೆ ಹೊಗೆ: ಪಟ್ಟಣದವರು ಬೆಚ್ಚಬಹುದು. ಪಿರಿಯಾಪಟ್ಟಣದ ಮಗುವಿಗೆ ಅದು ಅಪ್ಪ ಅಮ್ಮ ರಾತ್ರಿಯೆಲ್ಲ ಎಚ್ಚರವಿದ್ದು ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಎಚ್.ಡಿ. ಕೋಟೆಯ ಕಾಡಂಚಿನ ಹುಡುಗಿ ಬರೆದ ಆನೆ, ದಸರಾ ಆನೆಯಂತೆ ಮುದ್ದಾಗಿ ಇರಬೇಕಿಲ್ಲ. ಬೆಳೆಗೆ ನುಗ್ಗಿದ ಆನೆಯ ಭಯ ಅದರಲ್ಲಿರಬಹುದು. ನಾಲೆಗೆ ನೀರು ಬಿಟ್ಟ ದಿನ ಕೆ.ಆರ್. ನಗರದ ಹುಡುಗ ಹಾಳೆಯೆಲ್ಲ ನೀಲಿ ಬಳಿದರೆ ಅದು ಖುಷಿ. ಅದೇ ನಾಲೆಯಲ್ಲಿ ತನ್ನವರನ್ನು ಕಳೆದುಕೊಂಡ ಹುಡುಗ ಬಳಿದ ನೀಲಿಯೇ ಬೇರೆ. ಬಣ್ಣ ಒಂದೇ ಆದರೂ ಅರ್ಥ ಒಂದಲ್ಲ, ಮತ್ತು ಆ ಅರ್ಥ ಗೊತ್ತಿರುವುದು ಬರೆದವರಿಗೆ ಮಾತ್ರ.

ಮನೆಯಲ್ಲಿ ಹೀಗೆ ಮಾಡಿ

'ಇದೇನಿದು?' ಎನ್ನುವ ಬದಲು 'ಇದರ ಬಗ್ಗೆ ಹೇಳ್ತೀಯಾ ಮಗಳೇ?' ಎನ್ನಿ. ಹೇಳಲು ಇಷ್ಟವಿಲ್ಲದಿದ್ದರೆ ಅಲ್ಲಿಗೇ ಬಿಡಿ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಅಂಕ ಕೊಡಬೇಡಿ.

ಅವಳು ಚಿತ್ರ ಬರೆಯುವ ಪುಸ್ತಕ ಅವಳ ದಿನಚರಿ ಇದ್ದ ಹಾಗೆ. ಕೇಳದೆ ತೆರೆಯಬೇಡಿ, ನೆಂಟರಿಗೆ ತೋರಿಸಬೇಡಿ, ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ.

ದುಬಾರಿ ಬಣ್ಣ ಬೇಕಿಲ್ಲ. ಇದ್ದಿಲು, ಕೆಮ್ಮಣ್ಣು, ಅರಿಶಿನ, ಹಳೆಯ ಲಗ್ನಪತ್ರಿಕೆ ಸಾಕು. ಆಗಾಗ ನೀವೂ ಪಕ್ಕದಲ್ಲಿ ಕೂತು ಗೀಚಿ.

'ನಮ್ಮ ಹುಡುಗನ್ನೂ ಒಂದ್ಸಲ ನೋಡಮ್ಮ' ಎಂದು ಪಕ್ಕದ ಮನೆಯವರು ಬಂದರೆ ನೀವೇ ನಯವಾಗಿ ತಡೆಯಿರಿ. ಅವಳಿನ್ನೂ ಕಲಿಯುತ್ತಿದ್ದಾಳೆ. ಬೇರೊಬ್ಬರ ನೋವನ್ನು ಹೊರಗೆಳೆಯುವುದು ಸುಲಭ, ಅದನ್ನು ಸಂಭಾಳಿಸಲು ವರ್ಷಗಳ ತರಬೇತಿ ಮತ್ತು ಹಿರಿಯರ ಮಾರ್ಗದರ್ಶನ ಬೇಕು. ಕೆಲವೇ ವಾರಗಳ ಸರ್ಟಿಫಿಕೇಟ್ ಕೋರ್ಸು ಯಾರನ್ನೂ ಚಿಕಿತ್ಸಕರನ್ನಾಗಿ ಮಾಡುವುದಿಲ್ಲ.

ಎಚ್ಚರ ಬೇಕಾದುದು ಎಲ್ಲಿ?

ಚಿತ್ರಕ್ಕಿಂತ ದಿನನಿತ್ಯದ ಬದುಕನ್ನು ಗಮನಿಸಿ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಗೆಳತಿಯರಿಂದ ದೂರ ಸರಿದರೆ, ಓದಿನ ಮೇಲೆ ಆಸಕ್ತಿ ಪೂರ್ತಿ ಹೋದರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವಳನ್ನು ಒಬ್ಬಳೇ ಬಿಡಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಉಳಿದಂತೆ, ಕೇಳಿದ್ದಕ್ಕೆ ಮಕ್ಕಳು ಏನು ಹೇಳುತ್ತಾರೋ ಅದನ್ನು ಪೂರ್ತಿ ಕೇಳಿಸಿಕೊಳ್ಳಿ. ಮಧ್ಯೆ ಬುದ್ಧಿಮಾತು ಬೇಡ. ತನ್ನ ಮಾತನ್ನು ಮನೆಯವರು ಸಮಾಧಾನದಿಂದ ಕೇಳಿದ ಅನುಭವವಿದ್ದ ಹುಡುಗಿಯೇ ನಾಳೆ ಇನ್ನೊಬ್ಬರ ಸಂಕಟವನ್ನು ಅಷ್ಟೇ ಸಮಾಧಾನದಿಂದ ಕೇಳಬಲ್ಲಳು.